ಗಲಾಟೆ ಬೀದಿಯಲ್ಲಿ, ಬೀಗ ಥಿಯೇಟರ್‌ಗೆ: 1592ರ ಲಂಡನ್ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)

ಬಸ್‌ನಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೂ, ಅಡುಗೆಮನೆಯಲ್ಲಿ ಫೋನ್ ಒರಗಿಸಿಟ್ಟು ಕೇಳ್ತಿರೋರಿಗೂ ಸ್ವಾಗತ.

ಎಲಿಜಬೆತ್ ರಾಣಿ ಕಾಲದ ಇಂಗ್ಲೆಂಡ್, ನಾಟಕ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಒಂದೇ ಹೆಸರು, ಶೇಕ್ಸ್‌ಪಿಯರ್. ಇವತ್ತು ಅವನ ಬಗ್ಗೆ ಅಲ್ಲ. ಅವನ ನಾಟಕ ಓಡಿದ ಕಟ್ಟಡದ ಮಾಲೀಕನ ಬಗ್ಗೆ ಮಾತಾಡೋಣ. ಹೆಸರು ಫಿಲಿಪ್ ಹೆನ್ಸ್‌ಲೋ. ಕವಿಯಲ್ಲ, ನಟನಲ್ಲ. ಬಟ್ಟೆಗೆ ಬಣ್ಣ ಹಾಕುವವರ ಬಳಿ ಕೆಲಸಕ್ಕಿದ್ದವನು, ಯಜಮಾನ ತೀರಿಕೊಂಡ ಮೇಲೆ ಅವನ ವಿಧವೆಯನ್ನು ಮದುವೆಯಾಗಿ ಮೇಲೆ ಬಂದ. ಗಂಜಿ ತಯಾರಿಕೆ, ಗಿರವಿ ವ್ಯವಹಾರ, ಮನೆ ಬಾಡಿಗೆ, ಎಲ್ಲದರಲ್ಲೂ ಕೈ ಇತ್ತು. ಅದರ ಜೊತೆಗೆ ಒಂದು ಥಿಯೇಟರ್ ಕೂಡ. ಹೆಸರು ರೋಸ್.

ಈ ಹೆನ್ಸ್‌ಲೋ ನಮಗೆ ಒಂದು ದೊಡ್ಡ ಉಪಕಾರ ಮಾಡಿ ಹೋಗಿದ್ದಾನೆ. ಲೆಕ್ಕ ಬರೆದಿಟ್ಟಿದ್ದಾನೆ. ಯಾವ ದಿನ ಯಾವ ನಾಟಕ, ಎಷ್ಟು ದುಡ್ಡು, ಮೊಳೆಗೆ ಎಷ್ಟು, ಬಡಗಿಗೆ ಎಷ್ಟು, ಎಲ್ಲವೂ. ಆ ಪುಸ್ತಕ ಇವತ್ತಿಗೂ ಲಂಡನ್ನಿನ ಡಲ್ವಿಚ್ ಕಾಲೇಜಿನಲ್ಲಿದೆ. ಊರಲ್ಲಿ ಗಲಾಟೆ ಎದ್ದಾಗ ಆ ಪುಟಗಳಲ್ಲಿ ಏನಾಗುತ್ತೆ ಅನ್ನೋದೇ ಇವತ್ತಿನ ಕಥೆ.

ಗುಂಪೇ ಬಂಡವಾಳ

ಮೊದಲು ವ್ಯವಹಾರ ಅರ್ಥ ಮಾಡ್ಕೊಳ್ಳೋಣ.

ರೋಸ್ ಶುರುವಾಗಿದ್ದು 1587ರಲ್ಲಿ. ಜಾಗ, ಥೇಮ್ಸ್ ನದಿಯ ದಕ್ಷಿಣ ದಡದ ಸದರ್ಕ್. ಲಂಡನ್ ನಗರ ಇರೋದು ಉತ್ತರ ದಡದಲ್ಲಿ. ಈ ಕಡೆ ಯಾಕೆ ಕಟ್ಟಿದ? ಯಾಕಂದ್ರೆ ನಗರದ ಆಡಳಿತ ಲಾರ್ಡ್ ಮೇಯರ್ ಕೈಯಲ್ಲಿತ್ತು, ಮೇಯರ್‌ಗೂ ಅವರ ಕಡೆಯವರಿಗೂ ನಾಟಕ ಅಂದ್ರೆ ಆಗ್ತಿರಲಿಲ್ಲ. ರೋಸ್ ಇದ್ದ ಜಾಗ ವಿಂಚೆಸ್ಟರ್ ಬಿಷಪ್ಪರ ಹಿಡಿತದ್ದು. ಮೇಯರ್ ಮಾತು ಅಲ್ಲಿ ನೇರವಾಗಿ ನಡೀತಿರಲಿಲ್ಲ. ಅದೇ ಬೀದಿಗಳಲ್ಲಿ ವೇಶ್ಯಾಗೃಹಗಳಿದ್ದವು, ಕರಡಿ ಕಾಳಗದ ಅಖಾಡ ಇತ್ತು, ಜೈಲುಗಳಿದ್ದವು. ನಗರಕ್ಕೆ ಬೇಡವಾದದ್ದೆಲ್ಲ ನದಿ ದಾಟಿ ಬಂದು ಕೂತಿತ್ತು ಅಂತಿಟ್ಕೊಳ್ಳಿ.

ಆಟ ಮಧ್ಯಾಹ್ನ. ಮೇಲೆ ಛಾವಣಿ ಇಲ್ಲದ ಅಂಗಳದಲ್ಲಿ ನಿಂತು ನೋಡೋಕೆ ಒಂದು ಪೆನ್ನಿ. ಸುತ್ತಲಿನ ಗ್ಯಾಲರಿಗೆ ಹೋಗಬೇಕಾದ್ರೆ ಇನ್ನೊಂದು ಪೆನ್ನಿ. ಆಗ ಲಂಡನ್ನಿನ ಒಬ್ಬ ಕುಶಲ ಕೆಲಸಗಾರನಿಗೆ ದಿನಕ್ಕೆ ಸುಮಾರು ಹನ್ನೆರಡು ಪೆನ್ನಿ ಕೂಲಿ. ಅಂದ್ರೆ ನಾಟಕ ದುಬಾರಿ ಅಲ್ಲ. ಅಂಗಳದ ದುಡ್ಡು ನಟರಿಗೆ. ಗ್ಯಾಲರಿ ದುಡ್ಡಿನಲ್ಲಿ ಅರ್ಧ ನಟರಿಗೆ, ಅರ್ಧ ಕಟ್ಟಡದ ಯಜಮಾನ ಹೆನ್ಸ್‌ಲೋಗೆ. ಹಾಗಾಗಿ ಜನ ಎಷ್ಟು ಸೇರ್ತಾರೋ ಅಷ್ಟೇ ಆದಾಯ. ಜನ ಬರದಿದ್ರೆ ಬರೀ ಮರ ಮತ್ತು ಮಣ್ಣು.

1592ರ ಶುರುವಿನಲ್ಲಿ ಹೆನ್ಸ್‌ಲೋ ನೂರು ಪೌಂಡ್‌ಗೂ ಮಿಕ್ಕಿ ಖರ್ಚು ಮಾಡಿ ರೋಸ್ ಅನ್ನು ದೊಡ್ಡದು ಮಾಡಿಸಿದ. ಕವಿಗಳಿಗೆ ಒಂದು ಇಡೀ ನಾಟಕಕ್ಕೆ ಸುಮಾರು ಆರು ಪೌಂಡ್ ಸಿಗ್ತಿದ್ದ ಕಾಲ ಅದು. ನೂರು ಪೌಂಡ್ ಎಷ್ಟು ದೊಡ್ಡ ಪಣ ಅಂತ ನೀವೇ ಲೆಕ್ಕ ಹಾಕಿ. ಫೆಬ್ರವರಿ 19ಕ್ಕೆ ಲಾರ್ಡ್ ಸ್ಟ್ರೇಂಜ್ ಅವರ ನಾಟಕ ಕಂಪನಿ ಅಲ್ಲಿ ಆಡೋಕೆ ಶುರು ಮಾಡಿತು. ವಾರಕ್ಕೆ ಆರು ದಿನ, ದಿನಕ್ಕೊಂದು ಬೇರೆ ನಾಟಕ. ಮಾರ್ಚ್ 3ಕ್ಕೆ ಆರನೇ ಹೆನ್ರಿಯ ಮೇಲಿನ ನಾಟಕ ಬಂತು. ಆ ದಿನ ಹೆನ್ಸ್‌ಲೋ ಬರೆದ ಮೊತ್ತ 3 ಪೌಂಡ್, 16 ಶಿಲ್ಲಿಂಗ್, 8 ಪೆನ್ಸ್. ಆ ಸೀಸನ್‌ನ ಅತಿ ದೊಡ್ಡ ಕಲೆಕ್ಷನ್. ಎಲ್ಲ ಚೆನ್ನಾಗೇ ನಡೀತಿತ್ತು.

ಆ ಭಾನುವಾರ ಸಂಜೆ

ಲಂಡನ್ನಿನಲ್ಲಿ ಆಗ ಸಾವಿರಾರು ಅಪ್ರೆಂಟಿಸ್ ಹುಡುಗರಿದ್ದರು. ಒಬ್ಬ ಕಸುಬುದಾರನ ಮನೆಯಲ್ಲಿ ಕಡಿಮೆ ಅಂದ್ರೂ ಏಳು ವರ್ಷ ಇದ್ದು ಕೆಲಸ ಕಲೀಬೇಕು. ಆ ಅವಧಿಯಲ್ಲಿ ಸಂಬಳ ಅನ್ನೋದು ಹೆಸರಿಗೆ, ಮದುವೆ ಆಗೋ ಹಾಗಿಲ್ಲ. ಹದಿಹರೆಯದಿಂದ ಇಪ್ಪತ್ತನಾಲ್ಕರವರೆಗೆ ಯಜಮಾನ ಹೇಳಿದ್ದೇ ಮಾತು. ಈ ಹುಡುಗರು ಕೈಗೆ ಒಂದು ಪೆನ್ನಿ ಸಿಕ್ಕರೆ ಎಲ್ಲಿಗೆ ಹೋಗ್ತಿದ್ದರು? ನಾಟಕಕ್ಕೆ.

1592ರ ಜೂನ್ 11, ಭಾನುವಾರ. ಸದರ್ಕ್‌ನಲ್ಲಿ ಟೋಪಿಗೆ ಬೇಕಾದ ಫೆಲ್ಟ್ ತಯಾರಿಸುವವರ ಬಳಿ ಕೆಲಸಕ್ಕಿದ್ದ ಹುಡುಗರು ಗುಂಪು ಸೇರಿದರು. ಕಾರಣ, ಅವರಲ್ಲೊಬ್ಬನನ್ನು ನೈಟ್ ಮಾರ್ಷಲ್ ಅನ್ನೋ ಅಧಿಕಾರಿಯ ಕಡೆಯವರು ಹಿಡಿದು ಮಾರ್ಷಲ್ಸೀ ಜೈಲಿಗೆ ಹಾಕಿದ್ದರು. ತಪ್ಪು ಮಾಡದವನನ್ನು ಒಳಗೆ ಹಾಕಿದ್ದಾರೆ, ಬಿಡಿಸ್ಕೊಂಡು ಬರ್ತೀವಿ ಅಂತ ಹುಡುಗರು ಹೊರಟರು. ಜೈಲಿನ ಕಡೆಯಿಂದ ಮಾರ್ಷಲ್‌ನ ಆಳುಗಳು ಕಠಾರಿ, ದೊಣ್ಣೆ ಹಿಡಿದು ಹೊರಗೆ ನುಗ್ಗಿದರು. ಸುಮ್ಮನೆ ನಿಂತು ನೋಡ್ತಿದ್ದವರಿಗೂ ಏಟು ಬಿತ್ತು. ರಾತ್ರಿ ಎಂಟರ ಹೊತ್ತಿಗೆ ಮೇಯರ್ ವಿಲಿಯಂ ವೆಬ್ ಅವರೇ ಬಂದು ಗುಂಪು ಚದುರಿಸಿ, ಮುಂದಾಳುಗಳನ್ನು ಹಿಡಿಸಿದರು.

ಮರುದಿನ ಮೇಯರ್ ರಾಣಿಯ ಹಿರಿಯ ಮಂತ್ರಿ ಬರ್ಲಿಗೆ ಪತ್ರ ಬರೀತಾರೆ. ಪತ್ರ ತುಂಬಾ ಕುತೂಹಲದ್ದು. ಮಾರ್ಷಲ್ ಕಡೆಯವರ ಒರಟುತನವೇ ಗಲಾಟೆಯನ್ನು ಹೆಚ್ಚು ಮಾಡ್ತು ಅನ್ನೋದನ್ನು ಅವರು ಮುಚ್ಚಿಡಲ್ಲ. ಅದೇ ಪತ್ರದಲ್ಲಿ ಇನ್ನೊಂದು ಮಾತೂ ಬರುತ್ತೆ. ಈ ಹುಡುಗರು ಒಟ್ಟು ಸೇರಿದ್ದು ನಾಟಕ ನೋಡೋ ನೆಪದಲ್ಲಿ ಅಂತ.

ಯಾವ ನಾಟಕ? ಯಾವ ಥಿಯೇಟರ್? ಪತ್ರದಲ್ಲಿ ಹೆಸರಿಲ್ಲ. ಹೆನ್ಸ್‌ಲೋ ಲೆಕ್ಕದಲ್ಲಿ ಆ ಭಾನುವಾರ ರೋಸ್‌ನಲ್ಲಿ ಪ್ರದರ್ಶನ ಆದ ದಾಖಲೆಯೂ ಇಲ್ಲ.

ಆದ್ರೂ ಜೂನ್ 23ಕ್ಕೆ ಪ್ರಿವಿ ಕೌನ್ಸಿಲ್, ಅಂದ್ರೆ ರಾಣಿಯ ಮಂತ್ರಿಮಂಡಲ, ಆದೇಶ ಹೊರಡಿಸಿತು. ಲಂಡನ್ ಸುತ್ತಮುತ್ತ ಎಲ್ಲೂ ಸೆಪ್ಟೆಂಬರ್ 29ರ ಮೈಕೆಲ್ಮಸ್ ಹಬ್ಬದವರೆಗೆ ನಾಟಕ ಆಡಕೂಡದು. ಸದರ್ಕ್‌ನಿಂದ ದೂರದ ಶೋರ್‌ಡಿಚ್‌ನ ಥಿಯೇಟರ್‌ಗಳಿಗೂ ಬೀಗ. ಇವತ್ತಿನ ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಂಥರಾ ನಿಷೇಧಾಜ್ಞೆ. ಜೈಲಿನ ಆಳುಗಳು ಕಠಾರಿ ಹಿರಿದದ್ದಕ್ಕೆ ಜೈಲು ಮುಚ್ಚಲಿಲ್ಲ. ಮುಚ್ಚಿದ್ದು ಥಿಯೇಟರ್.

ಇಲ್ಲಿ ಸ್ವಲ್ಪ ಹಿಂದಿನದ್ದು ಗೊತ್ತಿರಬೇಕು. ಅದೇ ವರ್ಷ ಫೆಬ್ರವರಿಯಲ್ಲೇ ಮೇಯರ್ ಆರ್ಚ್‌ಬಿಷಪ್‌ಗೆ ಪತ್ರ ಬರೆದು, ನಾಟಕಗಳಿಂದ ಹುಡುಗರು ಕೆಡ್ತಿದ್ದಾರೆ, ನಿಲ್ಲಿಸೋಕೆ ಸಹಾಯ ಮಾಡಿ ಅಂತ ಕೇಳಿದ್ದರು. ನಾಟಕಗಳಿಗೆ ಪರವಾನಗಿ ಕೊಡ್ತಿದ್ದದ್ದು ಎಡ್ಮಂಡ್ ಟಿಲ್ನಿ ಅನ್ನೋ ಅರಮನೆ ಅಧಿಕಾರಿ. ಹೆನ್ಸ್‌ಲೋ ಅವನಿಗೆ ವಾರವಾರ ಶುಲ್ಕ ಕಟ್ತಿದ್ದ. ಅವನಿಗೆ ವರ್ಷಕ್ಕಿಷ್ಟು ಅಂತ ದುಡ್ಡು ಕೊಟ್ಟು ಒಲಿಸಿಕೊಂಡ್ರೆ ಹೇಗೆ ಅನ್ನೋ ಯೋಚನೆ ನಗರದಲ್ಲಿ ಹುಟ್ಟಿತು. ಮಾರ್ಚ್‌ನಲ್ಲಿ ಮರ್ಚೆಂಟ್ ಟೇಲರ್ಸ್ ಅನ್ನೋ ವ್ಯಾಪಾರಿ ಸಂಘದ ಮುಂದೆ ವಂತಿಗೆ ವಿಷಯ ಬಂದಾಗ, ಅವರು ಒಪ್ಪಲಿಲ್ಲ. ನಾಟಕ ಕೆಟ್ಟದ್ದು ಅನ್ನೋದಕ್ಕೆ ಎಲ್ಲರ ಸಹಮತ ಇತ್ತು, ಜೇಬಿನಿಂದ ದುಡ್ಡು ತೆಗೆಯೋಕೆ ಮಾತ್ರ ಯಾರೂ ತಯಾರಿಲ್ಲ. ಹೀಗೆ ಕಾಯ್ತಾ ಇದ್ದವರಿಗೆ ಜೂನ್ ಗಲಾಟೆ ಒಳ್ಳೆ ಕಾರಣ ಆಯ್ತು.

ದೋಣಿಯವರ ಅರ್ಜಿ

ಬೀಗ ಬಿದ್ದಾಗ ಯಾರ ಹೊಟ್ಟೆ ಮೇಲೆ ಹೊಡೆತ ಬೀಳುತ್ತೆ? ಹೆನ್ಸ್‌ಲೋಗೆ ಬೇರೆ ವ್ಯವಹಾರಗಳಿದ್ದವು. ಅವನು ಹೇಗೋ ನಿಭಾಯಿಸ್ತಾನೆ.

ನಟರದ್ದು ಬೇರೆ ಪಾಡು. ನಮ್ಮ ಕಂಪನಿ ನಾಟಕದವರ ಮಾತಲ್ಲಿ ಹೇಳೋದಾದ್ರೆ, ಕ್ಯಾಂಪ್ ಎತ್ತಬೇಕು. ಗಾಡಿ ಕಟ್ಟಿಕೊಂಡು ಊರೂರು ಸುತ್ತಬೇಕು. ಸ್ಟ್ರೇಂಜ್ ಕಂಪನಿಯವರು ಪ್ರಿವಿ ಕೌನ್ಸಿಲ್‌ಗೆ ಅರ್ಜಿ ಕೊಟ್ಟರು. ನಮ್ಮದು ದೊಡ್ಡ ತಂಡ, ಹಳ್ಳಿ ಸುತ್ತೋ ಖರ್ಚು ತಡೆಯೋಕಾಗಲ್ಲ, ತಂಡ ಒಡೆದುಹೋಗುತ್ತೆ, ಆಮೇಲೆ ರಾಣಿಯವರು ಕರೆದಾಗ ನಾವು ಸಿದ್ಧ ಇರಲ್ಲ ಅನ್ನೋದು ಅದರ ಸಾರ. ಬುದ್ಧಿವಂತಿಕೆ ನೋಡಿ. ಹೊಟ್ಟೆಪಾಡು ಅಂತ ಮಾತ್ರ ಹೇಳಲಿಲ್ಲ, ರಾಣಿಯ ಮನರಂಜನೆಗೆ ತೊಂದರೆ ಅಂತ ಹೇಳಿದರು.

ಇದರ ಜೊತೆ ಇನ್ನೊಂದು ಅರ್ಜಿ ಇದೆ. ಇಡೀ ಕಥೆಯಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸೋದು ಅದೇ. ಅದನ್ನು ಕೊಟ್ಟವರು ಥೇಮ್ಸ್ ನದಿಯ ದೋಣಿ ನಡೆಸುವವರು.

ಆಗ ಲಂಡನ್ನಿನಲ್ಲಿ ನದಿಗೆ ಇದ್ದದ್ದು ಒಂದೇ ಸೇತುವೆ. ಉತ್ತರ ದಡದಿಂದ ನಾಟಕಕ್ಕೆ ಬರೋರಲ್ಲಿ ಎಷ್ಟೋ ಜನ ದೋಣಿ ಹತ್ತುತ್ತಿದ್ದರು. ಥಿಯೇಟರ್ ಮುಂದೆ ಇವತ್ತು ಆಟೋದವರು ನಿಂತಿರ್ತಾರಲ್ಲ, ಹಾಗೆ ಆ ದಡದಲ್ಲಿ ದೋಣಿಯವರು. ಆಟ ನಿಂತ ಮೇಲೆ ದೋಣಿ ಖಾಲಿ. ಅವರು ನೌಕಾಪಡೆಯ ಮುಖ್ಯಸ್ಥ ಲಾರ್ಡ್ ಅಡ್ಮಿರಲ್ ಚಾರ್ಲ್ಸ್ ಹೋವರ್ಡ್‌ಗೆ ಬರೆದರು. ರೋಸ್‌ನಿಂದ ನಮಗೂ ನಮ್ಮ ಹೆಂಡತಿ ಮಕ್ಕಳಿಗೂ ಅನ್ನ ಸಿಗ್ತಿತ್ತು, ದಯವಿಟ್ಟು ಹೆನ್ಸ್‌ಲೋ ಅವರ ಥಿಯೇಟರ್ ತೆಗೆಯೋಕೆ ಬಿಡಿ ಅನ್ನೋದು ಅದರ ಅರ್ಥ. ಕೆಳಗೆ ಸಹಿಗಳಿವೆ. ಬರೆಯೋಕೆ ಬಾರದವರು ತಮ್ಮ ಗುರುತು ಹಾಕಿದ್ದಾರೆ.

ಹೋವರ್ಡ್‌ಗೇ ಯಾಕೆ ಬರೆದರು? ನಾಲ್ಕೇ ವರ್ಷದ ಹಿಂದೆ, 1588ರಲ್ಲಿ, ಸ್ಪೇನ್‌ನ ದೊಡ್ಡ ಹಡಗುಪಡೆ ಎದುರು ಇಂಗ್ಲೆಂಡ್‌ನ ನೌಕಾಪಡೆ ನಡೆಸಿದವರು ಅವರು. ಯುದ್ಧ ಬಂದಾಗ ಹಡಗಿಗೆ ಎಳೆದುಕೊಂಡು ಹೋಗ್ತಿದ್ದದ್ದು ಇದೇ ದೋಣಿಯವರನ್ನು. ನಾಟಕ ಒಳ್ಳೇದೋ ಕೆಟ್ಟದ್ದೋ ಅನ್ನೋ ಚರ್ಚೆಗೇ ಅವರು ಹೋಗಲಿಲ್ಲ. ಈ ಬಾಗಿಲು ಮುಚ್ಚಿದ್ರೆ ಇಷ್ಟು ಮನೆಗಳ ಒಲೆ ಆರುತ್ತೆ ಅಂತ ಹೇಳಿದರು, ಅಷ್ಟೇ.

ಅದು ಕೆಲಸ ಮಾಡ್ತು. ದೋಣಿಯವರ ಕಷ್ಟವನ್ನೂ ಕಾರಣವಾಗಿ ಹೇಳಿ, ಆ ಜಾಗದಲ್ಲಿ ಪ್ಲೇಗ್ ಇಲ್ಲದಿರೋವರೆಗೆ ರೋಸ್‌ನಲ್ಲಿ ಆಡಬಹುದು ಅಂತ ಕೌನ್ಸಿಲ್ ಬರೆದುಕೊಟ್ಟಿತು. ಗುಂಪು ಸೇರೋದು ಅಪಾಯ ಅಂತಿದ್ದ ಸರ್ಕಾರಕ್ಕೆ, ಅದೇ ಗುಂಪನ್ನು ನಂಬಿ ಬದುಕೋರೂ ಇದ್ದಾರೆ ಅಂತ ದೋಣಿಯವರ ಕಾಗದ ತೋರಿಸಿಕೊಟ್ಟಿತ್ತು.

ಅನುಮತಿಯಲ್ಲಿದ್ದ ಆ ಷರತ್ತೇ ಮುಳುವಾಯ್ತು. ಆ ಬೇಸಿಗೆಯಲ್ಲಿ ಪ್ಲೇಗ್ ಬಂತು. ರೋಸ್ ಮತ್ತೆ ತೆರೆದದ್ದು 1592ರ ಡಿಸೆಂಬರ್ 29ಕ್ಕೆ. ಸುಮಾರು ಒಂದು ತಿಂಗಳು ಆಡಿದ ಮೇಲೆ ಮತ್ತೆ ಮುಚ್ಚಬೇಕಾಯ್ತು. 1593ರಲ್ಲಿ ಲಂಡನ್ನಿನಲ್ಲಿ ಪ್ಲೇಗ್‌ನಿಂದ ಸತ್ತವರು ಹತ್ತು ಸಾವಿರಕ್ಕೂ ಹೆಚ್ಚು.

ಆ ದಿನಗಳ ಕೆಲವು ಪತ್ರಗಳು ಉಳಿದಿವೆ. ಹೆನ್ಸ್‌ಲೋನ ಮಲಮಗಳು ಜೋನ್‌ಳನ್ನು ಮದುವೆಯಾಗಿದ್ದವನು ಎಡ್ವರ್ಡ್ ಆಲೆನ್, ಆ ಕಾಲದ ಸ್ಟಾರ್ ನಟ. ಊರೂರು ಸುತ್ತುತ್ತಾ ಬ್ರಿಸ್ಟಲ್‌ನಿಂದ ಅವನು ಹೆಂಡತಿಗೆ ಬರೀತಾನೆ. ಅವಳನ್ನು ಮುದ್ದಿನಿಂದ ಇಲಿ ಅಂತ ಕರೀತಾನೆ. ಮನೆ ಚೊಕ್ಕಟವಾಗಿಡು, ಬಾಗಿಲ ಮುಂದೆ ನೀರು ಹಾಕು, ಕಿಟಕಿಯಲ್ಲಿ ಔಷಧಿ ಸೊಪ್ಪು ಇಡು, ಸೆಪ್ಟೆಂಬರ್‌ನಲ್ಲಿ ಪಾತಿಗೆ ಪಾಲಕ್ ಬಿತ್ತು ಅಂತ. ಹೆನ್ಸ್‌ಲೋ ಉತ್ತರದಲ್ಲಿ ಸುದ್ದಿ ಕೊಡ್ತಾನೆ. ರಾಬರ್ಟ್ ಬ್ರೌನ್ ಅನ್ನೋ ನಟನ ಹೆಂಡತಿ, ಮಕ್ಕಳು, ಮನೆಮಂದಿ ಎಲ್ಲ ತೀರಿಹೋದರು, ಬಾಗಿಲು ಮುಚ್ಚಿದೆ ಅಂತ. ಕಲೆಕ್ಷನ್ ಅಂಕಿ ಬರೀತಿದ್ದ ಕೈ ಈಗ ಸಾವಿನ ಸುದ್ದಿ ಬರೀತಿತ್ತು.

ವೇದಿಕೆ ಮೇಲಿನ ದಂಗೆ

ಇಲ್ಲಿ ನಿಮಗೊಂದು ಪ್ರಶ್ನೆ ಬರಬಹುದು. ಈ ನಾಟಕಗಳು ನಿಜವಾಗಲೂ ಜನರನ್ನು ಕೆರಳಿಸ್ತಿದ್ದವಾ?

ಸರ್ಕಾರಕ್ಕೆ ಆ ಭಯ ಇತ್ತು. ಸರ್ ಥಾಮಸ್ ಮೋರ್ ಅನ್ನೋ ನಾಟಕದ ಹಸ್ತಪ್ರತಿ ಈಗಲೂ ಬ್ರಿಟಿಷ್ ಲೈಬ್ರರಿಯಲ್ಲಿದೆ. 1517ರಲ್ಲಿ ಲಂಡನ್ನಿನ ಜನ, ಅದರಲ್ಲೂ ಅಪ್ರೆಂಟಿಸ್‌ಗಳು, ಹೊರದೇಶದಿಂದ ಬಂದು ನೆಲೆಸಿದ್ದವರ ಮೇಲೆ ಬಿದ್ದಿದ್ದರು. ನಾಟಕದಲ್ಲಿ ಆ ಘಟನೆ ಬರುತ್ತೆ. ಪರವಾನಗಿ ಅಧಿಕಾರಿ ಟಿಲ್ನಿ ಮೊದಲ ಪುಟದಲ್ಲೇ ಬರೆದಿದ್ದಾನೆ. ದಂಗೆಯನ್ನೂ ಅದರ ಕಾರಣವನ್ನೂ ಪೂರ್ತಿ ತೆಗೀರಿ, ಬೇಕಿದ್ರೆ ಹೀಗಾಯ್ತು ಅಂತ ಒಂದೆರಡು ಮಾತಲ್ಲಿ ಹೇಳಿಸಿ, ಮೀರಿದ್ರೆ ನಿಮ್ಮ ತಲೆ ಮೇಲೆ ಅನ್ನೋ ಧಾಟಿಯಲ್ಲಿ. ಗಮನಿಸಿ, ದಂಗೆ ಮಾತ್ರ ಅಲ್ಲ, ದಂಗೆಯ ಕಾರಣ ಕೂಡ ಹೇಳೋ ಹಾಗಿಲ್ಲ.

ಆ ಹಸ್ತಪ್ರತಿಯಲ್ಲಿ ಹಲವರ ಕೈಬರಹ ಇದೆ. ಅದರಲ್ಲಿ ಮೂರು ಪುಟ ಶೇಕ್ಸ್‌ಪಿಯರ್ ಬರೆದದ್ದು ಅಂತ ಬಹಳಷ್ಟು ವಿದ್ವಾಂಸರು ಒಪ್ಪುತ್ತಾರೆ. ಆ ಪುಟಗಳಲ್ಲಿ ಏನಿದೆ ಗೊತ್ತಾ? ರೊಚ್ಚಿಗೆದ್ದ ಗುಂಪಿನ ಎದುರು ಮೋರ್ ನಿಂತು, ಆ ಪರದೇಶಿಗಳ ಜಾಗದಲ್ಲಿ ನೀವೇ ಇದ್ದಿದ್ರೆ ಅಂತ ಕೇಳಿ ಸಮಾಧಾನ ಮಾಡ್ತಾನೆ. ಬೆಂಕಿ ಹಚ್ಚುತ್ತೆ ಅಂತ ಅಧಿಕಾರಿ ಹೆದರಿದ ನಾಟಕದಲ್ಲೇ ಬೆಂಕಿ ಆರಿಸೋ ಮಾತೂ ಇತ್ತು.

ಬೆಣ್ಣೆಯಿಂದ ಗಲ್ಲಿನವರೆಗೆ

1594ರಿಂದ ಸಾಲಾಗಿ ಬೆಳೆ ಕೆಟ್ಟಿತು. ಆದರೆ ಪ್ಲೇಗ್ ಇಳಿದಿತ್ತು, ರೋಸ್ ಚೇತರಿಸಿಕೊಳ್ತಿತ್ತು. 1595ರ ಜೂನ್ ಶುರುವಿನಲ್ಲಿ ಹೆನ್ಸ್‌ಲೋ ವೇದಿಕೆಯ ಮೇಲ್ಛಾವಣಿಯಲ್ಲಿ ಒಂದು ಸಿಂಹಾಸನ ಮಾಡಿಸಿದ. ಬಡಗಿ ಕೆಲಸ ಎಲ್ಲ ಸೇರಿ 7 ಪೌಂಡ್ 2 ಶಿಲ್ಲಿಂಗ್ ಖರ್ಚು ಬರೆದಿದ್ದಾನೆ. ದೊಡ್ಡ ಎಫೆಕ್ಟ್ ತೋರಿಸೋ ಉತ್ಸಾಹ.

ಸರಿಯಾಗಿ ಆಗಲೇ ಮಾರುಕಟ್ಟೆಯಲ್ಲಿ ಬೆಲೆ ಏರಿತ್ತು. ಜೂನ್ 13ಕ್ಕೆ ಸದರ್ಕ್ ಸಂತೆಯಲ್ಲಿ ಸುಮಾರು ಮುನ್ನೂರು ಅಪ್ರೆಂಟಿಸ್‌ಗಳು ಸೇರಿ, ಮಾರುವವರು ಪೌಂಡ್ ತೂಕಕ್ಕೆ ಐದು ಪೆನ್ನಿ ಕೇಳ್ತಿದ್ದ ಬೆಣ್ಣೆಯನ್ನು ಮೂರೇ ಪೆನ್ನಿ ಕೊಟ್ಟು ಎತ್ತಿಕೊಂಡರು. ಪುಕ್ಕಟೆ ಲೂಟಿ ಮಾಡಲಿಲ್ಲ ನೋಡಿ. ನ್ಯಾಯವಾದ ಬೆಲೆ ಅಂತ ತಮಗೆ ಅನ್ನಿಸಿದ್ದನ್ನು ಕೊಟ್ಟರು. ಸರ್ಕಾರ ಜೂನ್ 27ಕ್ಕೆ ಕೆಲವರಿಗೆ ಚಾಟಿ ಏಟು ಹಾಕಿಸಿತು. ಎರಡೇ ದಿನಕ್ಕೆ ಟವರ್ ಹಿಲ್‌ನಲ್ಲಿ ದೊಡ್ಡ ಗುಂಪು ಸೇರಿ ಕಲ್ಲು ತೂರಾಟ ಆಯ್ತು. ಜುಲೈ 24ಕ್ಕೆ ಅದೇ ಜಾಗದಲ್ಲಿ ಐದು ಜನ ಅಪ್ರೆಂಟಿಸ್‌ಗಳನ್ನು ರಾಜದ್ರೋಹದ ಆರೋಪದ ಮೇಲೆ ಕೊಂದರು.

ಹೆನ್ಸ್‌ಲೋ ಪುಸ್ತಕದಲ್ಲಿ ಜೂನ್ 26ರ ಪ್ರದರ್ಶನ ಇದೆ. ಮುಂದಿನದ್ದು ಆಗಸ್ಟ್ 25ಕ್ಕೆ. ಮಧ್ಯದ ಎರಡು ತಿಂಗಳು ಒಂದು ಆಟವೂ ಇಲ್ಲ. ಹೊಸ ಸಿಂಹಾಸನಕ್ಕೆ ಧೂಳು ಹಿಡೀತು. ಸೆಪ್ಟೆಂಬರ್‌ನಲ್ಲಿ ಆಗಿನ ಮೇಯರ್ ಮತ್ತೆ ಪ್ರಿವಿ ಕೌನ್ಸಿಲ್‌ಗೆ ಬರೆದರು. ಈ ಹುಡುಗರ ದಂಗೆಗೆ ನಾಟಕಗಳೇ ಮೂಲ, ನಿಲ್ಲಿಸಿ ಅಂತ. ಆ ಹುಡುಗರು ಕೇಳಿದ್ದು ಬೆಣ್ಣೆಯ ಬೆಲೆ.

1597ರಲ್ಲಂತೂ ಜುಲೈ 28ಕ್ಕೆ ಥಿಯೇಟರ್‌ಗಳನ್ನೇ ಕೆಡವಿ ಅಂತ ಆದೇಶ ಬಂತು. ಪಕ್ಕದ ಸ್ವಾನ್ ಥಿಯೇಟರ್‌ನಲ್ಲಿ ಆಡಿದ ಐಲ್ ಆಫ್ ಡಾಗ್ಸ್ ನಾಟಕ ಸರ್ಕಾರವನ್ನು ಸಿಟ್ಟಿಗೆಬ್ಬಿಸಿತ್ತು. ಅದನ್ನು ಬರೆದವರಲ್ಲೊಬ್ಬನಾದ ಬೆನ್ ಜಾನ್ಸನ್, ಜೊತೆಗೆ ಇಬ್ಬರು ನಟರು ಜೈಲಿಗೆ ಹೋದರು. ಯಾವ ಜೈಲು? ಅದೇ ಮಾರ್ಷಲ್ಸೀ. ಆಗ ಹೆನ್ಸ್‌ಲೋ ಏನು ಮಾಡಿದ? ಆಗಸ್ಟ್ ತಿಂಗಳಲ್ಲೇ ಒಬ್ಬೊಬ್ಬ ನಟನನ್ನು ಕರೆದು ಕರಾರು ಬರೆಸಿಕೊಂಡ. ನಿರ್ಬಂಧ ಮುಗಿದ ಮೇಲೆ ನನ್ನ ಥಿಯೇಟರ್‌ನಲ್ಲೇ ಆಡಬೇಕು ಅಂತ. ಕೆಡವಿ ಅಂತ ಆದೇಶ ಇರುವಾಗಲೇ ಮುಂದಿನ ಸೀಸನ್‌ಗೆ ತಂಡ ಕಟ್ಟುತ್ತಿದ್ದ! ಕೆಡವೋಕೆ ಯಾರೂ ಬರಲಿಲ್ಲ. ಅಕ್ಟೋಬರ್ 11ಕ್ಕೆ ರೋಸ್ ಮತ್ತೆ ಬಾಗಿಲು ತೆರೀತು.

ಉಳಿದದ್ದು

ಹೆನ್ಸ್‌ಲೋ ದೊಡ್ಡ ಆದರ್ಶವಾದಿ ಏನಲ್ಲ. ನಟರಿಗೆ ಸಾಲ ಕೊಟ್ಟು ಕಟ್ಟಿಹಾಕ್ತಿದ್ದವನು, ಗಿರವಿ ಇಟ್ಟುಕೊಳ್ತಿದ್ದವನು. ಆದರೆ ಗಲಾಟೆ ಕಾಲದಲ್ಲಿ ಬಾಗಿಲು ಮತ್ತೆ ತೆರೆಯೋಕೆ ಏನು ಬೇಕು ಅನ್ನೋದು ಅವನಿಗೆ ಗೊತ್ತಿತ್ತು. ಮೇಲೆ ಹೋವರ್ಡ್ ಥರದ ಒಬ್ಬ ದೊಡ್ಡವರ ಕೃಪೆ ಬೇಕು. ಕೆಳಗೆ ದೋಣಿಯವರ ಸಹಿ ಬೇಕು. ಬರೀ ಕೃಪೆ ಇದ್ದಿದ್ರೆ ಮೇಲಿನವರ ಮನಸ್ಸು ಬದಲಾದ ದಿನ ಎಲ್ಲ ಮುಗೀತಿತ್ತು.

ಇವತ್ತಿಗೂ ಎಲ್ಲಾದ್ರೂ ಗಲಾಟೆ ಆದ್ರೆ ಮೊದಲು ಬಾಗಿಲು ಹಾಕೋದು ಜನ ಸೇರೋ ಜಾಗಕ್ಕೆ. ಕೆಲವು ಸಲ ಅದು ಬೇಕಾಗಿರಬಹುದು. ಆದರೆ ಆ ಸುದ್ದಿ ನಿಮ್ಮ ಫೋನಿಗೆ ಬಂದಾಗ ಎರಡು ಪ್ರಶ್ನೆ ಕೇಳಿ ನೋಡಿ. ಗಲಾಟೆಯ ಕಾರಣ ಏನಿತ್ತು? ಈ ಬಾಗಿಲನ್ನು ನಂಬಿಕೊಂಡಿದ್ದ ದೋಣಿಯವರು ಯಾರು?

ರೋಸ್ 1600ರ ನಂತರದ ವರ್ಷಗಳಲ್ಲಿ ಮರೆಯಾಯ್ತು. ಪಕ್ಕದಲ್ಲೇ ಗ್ಲೋಬ್ ಬಂದಿತ್ತು, ಹೆನ್ಸ್‌ಲೋ, ಆಲೆನ್ ಇಬ್ಬರೂ ಫಾರ್ಚೂನ್ ಅನ್ನೋ ಹೊಸ ಥಿಯೇಟರ್ ಕಟ್ಟಿದ್ದರು. 1989ರಲ್ಲಿ ಆಫೀಸ್ ಕಟ್ಟಡಕ್ಕೆ ಪಾಯ ತೆಗೆಯುವ ಮುಂಚೆ ಆ ಜಾಗ ಅಗೆದಾಗ ರೋಸ್‌ನ ಅಡಿಪಾಯ ಸಿಕ್ಕಿತು. ಅದನ್ನು ಉಳಿಸೋಕೆ ಲಂಡನ್ನಿನ ನಟ ನಟಿಯರು ಬೀದಿಗೆ ಬಂದು ನಿಂತರು. ಮಣ್ಣಿನಲ್ಲಿ ಸಿಕ್ಕಿದ್ದು ಏನು ಗೊತ್ತಾ? ರಾಶಿ ರಾಶಿ ಹೇಝಲ್‌ನಟ್ ಸಿಪ್ಪೆ. ಆಮೇಲೆ ಪೆನ್ನಿ ಹಾಕಿಸಿಕೊಳ್ತಿದ್ದ ಪುಟ್ಟ ಮಣ್ಣಿನ ಹುಂಡಿಗಳ ಚೂರು. ದಿನದ ಕೊನೆಗೆ ಒಡೆದು ಎಣಿಸಿದ ಗಲ್ಲಾಪೆಟ್ಟಿಗೆಗಳು.

ಇವತ್ತಿಗೆ ಇಷ್ಟು. ಈ ಕಥೆ ಇಷ್ಟ ಆದ್ರೆ ನಾಟಕ ಮಾಡೋ ಸ್ನೇಹಿತರಿಗೂ, ಅವರ ಥಿಯೇಟರ್ ಮುಂದೆ ಚಹಾ ಮಾರೋರಿಗೂ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.